ದೂರು ಹೋಯಿತು, ದೋಷ ಹೋಯಿತೆ?

ವಾಡಿಯಲ್ಲಿ ಕುಳಿತು ದೋಣಿಯ ಮಾತೆತ್ತಿದರೆ ವಾಚಕರಿಗೆ ನಗು ಬಂದೀತು. 1874ರಲ್ಲಿ ಸಿಕಂದರಾಬಾದಿನ ಹಳಿ ಬಂದು ಕೂಡಿದಂದಿನಿಂದ ಇದು ರೈಲಿನ ಊರು; ಅನಂತರ ಸಿಮೆಂಟಿನ ಊರು. ಆದರೆ ಈ ಸೀಮೆಯಲ್ಲಿ ಭೀಮೆಯೂ ಕಾಗಿಣೆಯೂ ಹರಿಯುತ್ತವೆ. 2020ರ ಅಕ್ಟೋಬರಿನಲ್ಲಿ ಅವೆರಡೂ ಉಕ್ಕಿದಾಗ ದಂಡೆಯ ಹಳ್ಳಿಗಳ ಜನರನ್ನು ಕರೆತರಲು ಮೋಟಾರು ದೋಣಿಗಳೇ ಬೇಕಾದವು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿರುವ ಯಂತ್ರಕ್ಕೆ ಒಂದೇ ದಿನದಲ್ಲಿ ಅಗ್ನಿಪರೀಕ್ಷೆ!

ಅಂಥದೊಂದು ಹಳೆಯ ಮೋಟಾರನ್ನು ನಾನು ಕಂಡದ್ದು ಒಬ್ಬ ಉಸ್ತಾದನ ಅಂಗಡಿಯಲ್ಲಿ. ದೋಣಿಯ ಹಿಂದೆ ತಗುಲಿಹಾಕುವ ಜಾತಿಯದು. ಅದನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿ ಓಡಿಸುತ್ತಿದ್ದರು. ಹಿಡಿ ತಿರುವಿ ವೇಗ ಹೆಚ್ಚಿಸಿದರೆ ಚೆನ್ನಾಗಿಯೇ ಗರ್ಜಿಸುವುದು. ವೇಗ ತಗ್ಗಿಸಿದೊಡನೆ ಕೆಮ್ಮಿ ನಿಂತುಬಿಡುವುದು. ಕೆಲಸದ ಹುಡುಗ ಕಾರ್ಬುರೇಟರಿನ ಒಂದು ಸ್ಕ್ರೂವನ್ನು ಅರ್ಧ ಸುತ್ತು ತಿರುವಿದ. ಮೋಟಾರು ನಿಲ್ಲಲಿಲ್ಲ. ಯಜಮಾನ ಹಿಗ್ಗಿ ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಉಸ್ತಾದ ಎದ್ದು ಬಂದು ಸ್ಕ್ರೂವನ್ನು ಮೊದಲಿನಂತೆಯೇ ತಿರುವಿಟ್ಟ!

“ನಡೀಲತ್ತಿತ್ತಲ್ರೀ ಉಸ್ತಾದ, ಯಾಕ ಕೆಡಿಸಿದ್ರಿ?”

“ಓಡೂದು ಓಡ್ತದರಿ. ತಡೀಬೇಕಂದಾಗ ತಡೀತದೇನ್ರಿ?”

ಸಂಗತಿ ಇಷ್ಟೆ. ಬಹುದಿನ ತೊಟ್ಟಿಯಲ್ಲೇ ಉಳಿದ ಪೆಟ್ರೋಲು ಆರಿ ಅಂಟಾಗುತ್ತದೆ. ಮಂದವೇಗಕ್ಕೆ ಇಂಧನವೊಯ್ಯುವ ಕೂದಲೆಳೆಯಂಥ ರಂಧ್ರ ಅದರಿಂದ ಮುಚ್ಚಿಕೊಳ್ಳುತ್ತದೆ. ವೇಗ ಹೆಚ್ಚಿದಾಗ ಇಂಧನಕ್ಕೆ ಬೇರೆ ದೊಡ್ಡ ದಾರಿಯಿರುವುದರಿಂದ ದೋಷ ಕಾಣುವುದಿಲ್ಲ. ಸ್ಕ್ರೂ ತಿರುವಿದಾಗ ರಂಧ್ರ ತೆರೆಯಲಿಲ್ಲ. ಮೋಟಾರಿನ ಮಂದವೇಗವೇ ಏರಿತು. ಅಂಥ ಮೋಟಾರನ್ನು ಗೇರಿಗೆ ಹಾಕಿದರೆ ದೋಣಿ ಮೆಲ್ಲನೆ ಸರಿಯದೆ ಜಿಗಿಯುತ್ತದೆ. ಪಕ್ಕದ ನೀರಿನಲ್ಲಿ ಯಾರಾದರೂ ಕೈಚಾಚಿ ನಿಂತಿದ್ದರೆ?

ಆದರೂ ನನ್ನ ಮನಸ್ಸು ವಾದ ಹೂಡಿತು. ಮೋಟಾರು ಯಜಮಾನನದು; ಅವನ ದೂರು ತೀರಿತ್ತು. ಅವನು ಒಪ್ಪಿದ ಕೆಲಸವನ್ನು ಕೆಡಿಸಲು ಉಸ್ತಾದನಿಗೆ ಯಾವ ಅಧಿಕಾರ? ನಮ್ಮ ಋಣ ದೂರು ಹೇಳಿದವನಿಗೋ, ದೋಷದಿಂದ ನೋಯುವವನಿಗೋ? ನೀರಿನಲ್ಲಿ ನಿಂತವನು ಅಂಗಡಿಗೆ ಬಂದಿಲ್ಲ, ಹಣ ಕೊಟ್ಟಿಲ್ಲ, ದೂರಿಲ್ಲ. ಅವನ ಪರವಾಗಿ ಮಾತನಾಡಬಲ್ಲವನು ಆ ಹೊತ್ತಿನಲ್ಲಿ ಉಸ್ತಾದನೊಬ್ಬನೇ.

ಹಾಗೆಂದು ಸ್ಕ್ರೂ ತಿರುವುವುದೇ ಪಾಪವೆನ್ನಲಾರೆ. ನೆರೆ ಬಾಗಿಲಿಗೆ ಬಂದ ರಾತ್ರಿ ರಂಧ್ರ ಶುದ್ಧಿ ಮಾಡುತ್ತ ಕೂಡುವವನು ಮೂರ್ಖ. ಅಂದು ತಿರುವಲೇಬೇಕು, “ಇದು ತಾತ್ಕಾಲಿಕ, ಗೇರು ಹಾಕುವಾಗ ಜೋಕೆ” ಎಂದೂ ಹೇಳಬೇಕು. ಹೇಳಿ ಮಾಡಿದ ಉಪಾಯ ಉಪಕಾರ. ದುರಸ್ತಿಯೆಂದು ನಂಬಿಸಿದರೆ ಅದೇ ಸುಳ್ಳು. ಹುಡುಗ ಮಾಡಿದ್ದರಲ್ಲಿ ಕೊರತೆಯಿದ್ದದ್ದು ಕೈಚಳಕದಲ್ಲಲ್ಲ, ಆ ಒಂದು ಮಾತಿನಲ್ಲಿ.

ಉಸ್ತಾದನ ಹುಡುಕಾಟವೂ ನನಗೊಂದು ಪಾಠವಾಯಿತು. ಮೊದಲು ತೊಟ್ಟಿಯ ಮುಚ್ಚಳದ ಗಾಳಿಕಿಂಡಿ ತೆರೆದಿದೆಯೇ ಎಂದು ನೋಡಿದ. ಕೊಳವೆಯ ರಬ್ಬರ್ ಬುರುಡೆಯನ್ನು ಹಿಚುಕಿದ. ಅದರಿಂದ ಮೋಟಾರು ಚೇತರಿಸಿಕೊಂಡಿದ್ದರೆ ತಪ್ಪು ಇಂಧನದ ಪೂರೈಕೆಯದೆಂದು ಊಹಿಸಬಹುದಾಗಿತ್ತು. ಚೇತರಿಸಿಕೊಳ್ಳಲಿಲ್ಲ. ಹಿಡಿಯಿಂದ ಹೋಗುವ ತಂತಿ ಸರಾಗವಾಗಿ ಜಾರುವುದೇ, ಕಿಡಿಯೂ ಇಂಧನವೂ ಜೊತೆಜೊತೆಯಾಗಿ ಏರುವುವೇ ಎಂದು ಪರೀಕ್ಷಿಸಿದ. ಕೊನೆಗೆ ಕಾರ್ಬುರೇಟರು ಬಿಚ್ಚಿದ. ಒಮ್ಮೆಗೆ ಒಂದನ್ನೇ ಮುಟ್ಟುತ್ತಿದ್ದ. ಎರಡನ್ನು ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ಯಾರು ಹೇಳಬೇಕು?

ಮನೆಯಲ್ಲಿ, ಕಚೇರಿಯಲ್ಲಿ ನಾವು ತಿರುವುವ ಸ್ಕ್ರೂಗಳೆಷ್ಟು! ಅಳುವ ಮಗುವಿಗೆ ಮಿಠಾಯಿ, ಗೊಣಗುವ ನೌಕರನಿಗೆ ಒಂದು ಹೊಗಳಿಕೆ. ಸದ್ದಡಗಿದರೆ ಸಾಕು, ನಮಗೆ ನೆಮ್ಮದಿ.

ಸಂಜೆಗೆ ಮೋಟಾರು ಡ್ರಮ್ಮಿನಲ್ಲಿ ಮೆಲ್ಲಗೆ, ನಿಲ್ಲದೆ ಗುನುಗತೊಡಗಿತು. ಒಂದು ದಿನ ಹಾಳಾಯಿತೆಂದು ಗೊಣಗಿ ಯಜಮಾನ ಹಣವಿಟ್ಟು ಹೋದ. ಉಸ್ತಾದ ಮರುಮಾತಾಡದೆ ಕೈ ಒರೆಸಿಕೊಂಡು ಹುಡುಗನಿಗೆ ಚಹ ತರಹೇಳಿದ.