ಎದೆಬಡಿತವಿಲ್ಲದ ಮಗಳು

ವಕೀಲ ಜೋಸೆಫ್ ಅಡಾಮಾ ಕನ್ನಡಕದಂಥ ಒಂದು ಪಟ್ಟಿಯನ್ನು ಕಣ್ಣಿಗೆ ಏರಿಸಿಕೊಂಡು ಕೂರುತ್ತಾನೆ. ರೈಲಿನ ಬಾಂಬ್ ಸ್ಫೋಟದಲ್ಲಿ ಹೆಂಡತಿಯೂ ಮಗಳೂ ಸತ್ತು ಇನ್ನೂ ಹೆಚ್ಚು ದಿನ ಆಗಿಲ್ಲ. ಪಟ್ಟಿಯೊಳಗಿನ ಲೋಕದಲ್ಲಿ ಮಗಳು ಟಮಾರಾ ನಿಂತಿದ್ದಾಳೆ. ಅದೇ ಮುಖ, ಅದೇ ದನಿ. ಅಪ್ಪ ಅವಳನ್ನು ತಬ್ಬಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಹುಡುಗಿಗೆ ಏನೋ ಸರಿಯಿಲ್ಲ ಅನ್ನಿಸತೊಡಗುತ್ತದೆ. ಎದೆ ಮುಟ್ಟಿ ನೋಡಿಕೊಂಡರೆ ಬಡಿತವೇ ಇಲ್ಲ. ಅವಳು ಕಿರುಚುತ್ತಾಳೆ. ಅಪ್ಪ ಹೆದರಿ ಪಟ್ಟಿ ಕಿತ್ತು ಹೊರಗೆ ಬೀಳುತ್ತಾನೆ.

‘ಕ್ಯಾಪ್ರಿಕಾ’ ಧಾರಾವಾಹಿಯ ಮೊದಲ ಕಂತಿನ ಈ ದೃಶ್ಯವನ್ನು ಮೀರಿಸುವ ಇನ್ನೊಂದು ದೃಶ್ಯ ಆ ಧಾರಾವಾಹಿಗೆ ಕೊನೆಯವರೆಗೂ ಸಿಗಲಿಲ್ಲ. ಅದರ ಬಲ ಎಲ್ಲಿದೆ, ಅದು ಸೋತದ್ದೆಲ್ಲಿ ಎಂಬ ಲೆಕ್ಕ ಶುರುವಾಗುವುದೂ ಇಲ್ಲಿಂದಲೇ.

2004ರಿಂದ 2009ರವರೆಗೆ ಓಡಿದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಅಮೆರಿಕನ್ ಧಾರಾವಾಹಿಯ ಕವಲು ಇದು. ಸೈಲಾನ್ ಎಂಬ ಯಂತ್ರಮಾನವರು ತಮ್ಮನ್ನು ಮಾಡಿದ ಮನುಷ್ಯರ ಮೇಲೆ ತಿರುಗಿಬಿದ್ದು ಹನ್ನೆರಡು ಗ್ರಹಗಳನ್ನು ಸುಟ್ಟುಹಾಕುವುದು ಮೂಲ ಕಥೆ. ಆ ಪ್ರಳಯಕ್ಕೆ 58 ವರ್ಷ ಹಿಂದಕ್ಕೆ ಹೋಗಿ, ಮೊದಲ ಯಂತ್ರ ಹುಟ್ಟಿದ ಮನೆಯನ್ನು ತೋರಿಸುವುದು ‘ಕ್ಯಾಪ್ರಿಕಾ’ದ ಉದ್ದೇಶ. ರೆಮಿ ಆಬುಷಾನ್ ಮತ್ತು ರೊನಾಲ್ಡ್ ಡಿ. ಮೂರ್ ಇದನ್ನು ಕಟ್ಟಿದರು. ಮೊದಲ ಕಂತು 2009ರ ಏಪ್ರಿಲ್‌ನಲ್ಲೇ ಡಿವಿಡಿಯಾಗಿ ಬಂತು, 2010ರ ಜನವರಿಯಲ್ಲಿ ಸೈಫೈ ವಾಹಿನಿಯಲ್ಲಿ ಪ್ರಸಾರ ಶುರುವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾಹಿನಿ ಅದನ್ನು ನಿಲ್ಲಿಸಿತು.

ಕಥೆಯ ನಡುಮಧ್ಯೆ ಇರುವವಳು ಜೋಯಿ ಗ್ರೇಸ್ಟೋನ್, ಹದಿನಾರರ ಹುಡುಗಿ. ಅಪ್ಪ ಡೇನಿಯಲ್ ದೊಡ್ಡ ಕಂಪ್ಯೂಟರ್ ಕಂಪನಿಯ ಒಡೆಯ. ಮಗಳು ಅವನಿಗಿಂತ ಒಂದು ಹೆಜ್ಜೆ ಮುಂದೆ: ತನ್ನದೇ ಪಡಿಯಚ್ಚನ್ನು ಕಂಪ್ಯೂಟರ್ ಲೋಕದಲ್ಲಿ ಮಾಡಿಟ್ಟಿದ್ದಾಳೆ. ಅದೇ ರೈಲಿನಲ್ಲಿ ಅವಳೂ ಸಾಯುತ್ತಾಳೆ, ಪಡಿಯಚ್ಚು ಉಳಿಯುತ್ತದೆ. ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಕಥೆ ಕೊಡುವ ವಿವರಣೆ ಮಜವಾಗಿದೆ. ಮನುಷ್ಯನ ಮಿದುಳಿನಲ್ಲಿರುವ ಮಾಹಿತಿ ಸುಮಾರು 300 ಮೆಗಾಬೈಟ್ ಅಷ್ಟೇ. ಅದನ್ನು ಕೂಡಿಡುವುದು ಕಷ್ಟವಲ್ಲ, ಹೊರಗೆ ತೆಗೆಯುವುದು ಕಷ್ಟ. ಆದರೆ ಹೊರಗೆ ತೆಗೆಯುವುದಾದರೂ ಯಾಕೆ? ಶಾಲೆಯ ಅಂಕಪಟ್ಟಿ, ಆಸ್ಪತ್ರೆಯ ಸ್ಕ್ಯಾನ್, ಅಂಗಡಿಯ ಬಿಲ್ಲು, ಫೋನ್ ಕರೆ, ಕ್ಯಾಮೆರಾದಲ್ಲಿ ಸೆರೆಯಾದ ನಡಿಗೆ, ಹೀಗೆ ಮನುಷ್ಯ ದಾರಿಯುದ್ದಕ್ಕೂ ಉದುರಿಸಿಕೊಂಡು ಹೋದದ್ದನ್ನೆಲ್ಲ ಗುಡಿಸಿ ಒಟ್ಟು ಮಾಡಿದರೆ ಸಾಕು, ಅದರಿಂದಲೇ ಆ ಮನುಷ್ಯನನ್ನು ಕಟ್ಟಬಹುದು ಎನ್ನುತ್ತಾಳೆ ಪಡಿಯಚ್ಚಿನ ಜೋಯಿ. (300 ಮೆಗಾಬೈಟ್ ಎಂಬ ಲೆಕ್ಕ ಕೇಳಿ ನಗು ಬರುವುದು ಸಹಜ. ಮದುವೆಯ ಒಂದು ವಿಡಿಯೊ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ.)

ಪರಕಾಯ ಪ್ರವೇಶದ ಕಥೆ ಕೇಳಿ ಬೆಳೆದವರಿಗೆ ಇಲ್ಲೊಂದು ವ್ಯತ್ಯಾಸ ತಟ್ಟನೆ ಕಾಣುತ್ತದೆ. ಉಭಯಭಾರತಿಯ ಪ್ರಶ್ನೆಗೆ ಉತ್ತರ ಹುಡುಕಲು ಶಂಕರಾಚಾರ್ಯರು ಅಮರುಕ ರಾಜನ ಶವವನ್ನು ಹೊಕ್ಕರು ಎಂಬ ಐತಿಹ್ಯದಲ್ಲಿ ಒಂದು ದೇಹ ಬರಿದಾಗುತ್ತದೆ, ಇನ್ನೊಂದು ತುಂಬುತ್ತದೆ. ಶಿಷ್ಯರು ಬರಿದಾದ ದೇಹವನ್ನು ಕಾಯುತ್ತ ಕೂರುತ್ತಾರೆ. ಏನೋ ಒಂದು ಇಲ್ಲಿಂದ ಅಲ್ಲಿಗೆ ಹೋಗಿದೆ ಎಂಬುದರಲ್ಲಿ ಆ ಕಥೆಗೆ ಅನುಮಾನವಿಲ್ಲ. ‘ಕ್ಯಾಪ್ರಿಕಾ’ದಲ್ಲಿ ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಜೋಯಿ ಬದುಕಿದ್ದಾಗಲೇ ಇನ್ನೊಬ್ಬ ಜೋಯಿ ಇದ್ದಳು, ಇಬ್ಬರೂ ಎದುರುಬದುರು ನಿಂತು ಮಾತಾಡಿದ್ದಾರೆ. ಹಾಗಿದ್ದಮೇಲೆ ಒಬ್ಬಳು ಸತ್ತ ಮಾತ್ರಕ್ಕೆ ಇನ್ನೊಬ್ಬಳು ‘ಮಗಳು’ ಆಗುವುದು ಹೇಗೆ?

ನೆನಪಿನ ಎಳೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ವ್ಯಕ್ತಿ ಒಬ್ಬನೇ ಎಂದಿದ್ದ ಹದಿನೇಳನೇ ಶತಮಾನದ ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್. ಅವನನ್ನು ಒಪ್ಪಿದರೆ ಇಬ್ಬರೂ ಜೋಯಿಯೇ. ಮಿಳಿಂದ ರಾಜನಿಗೆ ರಥದ ಗಾಲಿ, ಅಚ್ಚು, ನೊಗ ಒಂದೊಂದನ್ನೂ ತೋರಿಸಿ ‘ರಥ ಎಲ್ಲಿದೆ ಹೇಳು’ ಎಂದ ಭಿಕ್ಷು ನಾಗಸೇನನನ್ನು ಒಪ್ಪಿದರೆ ಮೊದಲ ಜೋಯಿಯೂ ಬಿಲ್ಲು, ಸ್ಕ್ಯಾನ್, ನೆನಪುಗಳ ಕಂತೆಗೆ ಇಟ್ಟ ಹೆಸರು ಮಾತ್ರ. ಧಾರಾವಾಹಿ ಇವರಿಬ್ಬರ ಹೆಸರನ್ನೂ ಎತ್ತುವುದಿಲ್ಲ. ಅದು ಒಳ್ಳೆಯದೇ ಆಯಿತು. ಪಾಠ ಮಾಡುವ ಬದಲು ಅದು ದೃಶ್ಯ ಕಟ್ಟುತ್ತದೆ.

ಅಂಥ ದೃಶ್ಯವೊಂದು ನಾಯಿಯದು. ಪಡಿಯಚ್ಚಿನ ಜೋಯಿಯನ್ನು ಡೇನಿಯಲ್ ಸೈನ್ಯಕ್ಕಾಗಿ ಮಾಡಿದ ಯಂತ್ರಮಾನವನೊಳಗೆ ತುಂಬಲು ನೋಡಿದ್ದ. ಕೆಲಸ ಕೆಟ್ಟಿತು, ಮಗಳು ಕೈತಪ್ಪಿದಳು ಎಂದುಕೊಂಡಿದ್ದ. ಅವಳು ಒಳಗೇ ಇದ್ದಾಳೆ, ಬಾಯಿಬಿಡುತ್ತಿಲ್ಲ ಎಂಬ ಗುಮಾನಿ ಆಮೇಲೆ ಹತ್ತುತ್ತದೆ. ಪರೀಕ್ಷೆ ಶುರು. ಮಗಳು ಚಿಕ್ಕಂದಿನಲ್ಲಿ ಬೆಂಕಿಗೆ ಸಿಕ್ಕಿ ಹೆದರಿದ್ದಳು. ಯಂತ್ರದ ಸುತ್ತ ಬೆಂಕಿ ಹಚ್ಚುತ್ತಾನೆ. ಅದು ಕದಲುವುದಿಲ್ಲ. ಕೊನೆಗೆ ಮನೆಯ ನಾಯಿ ಸೀಸರ್‌ನನ್ನು ತಂದು ಎದುರಿಗೆ ಕೂರಿಸಿ, ಯಂತ್ರದ ಕೈಗೆ ಬಂದೂಕು ಕೊಟ್ಟು ‘ಹೊಡಿ’ ಎನ್ನುತ್ತಾನೆ. ಕ್ಯಾಮೆರಾ ಒಮ್ಮೆ ಕಬ್ಬಿಣದ ಮೈಯನ್ನು ತೋರಿಸುತ್ತದೆ, ಮರುಕ್ಷಣ ಅದೇ ಜಾಗದಲ್ಲಿ ನಟಿ ಅಲೆಸಾಂಡ್ರಾ ಟೊರೆಸಾನಿಯನ್ನು ನಿಲ್ಲಿಸುತ್ತದೆ. ಇಡೀ ಧಾರಾವಾಹಿಯ ಅತ್ಯಂತ ಅಗ್ಗದ, ಅತ್ಯಂತ ಜಾಣ ತಂತ್ರ ಇದು. ಗ್ರಾಫಿಕ್ಸ್ ಕೋಟಿಗಟ್ಟಲೆ ಸುರಿದರೂ ಹೇಳಲಾಗದ್ದನ್ನು ಒಬ್ಬ ಹುಡುಗಿಯ ಕಣ್ಣು ಹೇಳುತ್ತದೆ. ಯಂತ್ರ ಗುಂಡು ಹಾರಿಸುತ್ತದೆ. ನಾಯಿಗೆ ಏನೂ ಆಗುವುದಿಲ್ಲ. ಗುಂಡುಗಳು ಹುಸಿ, ಅದು ಅವಳಿಗೆ ಮೊದಲೇ ಗೊತ್ತಾಗಿತ್ತು.

ಹರಿಶ್ಚಂದ್ರ ಚಂದ್ರಮತಿಯ ಮೇಲೆ ಕತ್ತಿ ಎತ್ತಿದಾಗ ತಡೆಯಲು ದೇವರಿದ್ದ. ಇಲ್ಲಿ ಪರೀಕ್ಷೆ ಮಾಡುವವನೂ ಅಪ್ಪನೇ, ಮೋಸ ಹೋಗುವವನೂ ಅಪ್ಪನೇ. ಒಳಗೆ ಜೀವ ಇದೆಯೇ ಎಂದು ತಿಳಿಯಲು ಹಿಂಸೆ ಕೊಟ್ಟು ನೋಡುವುದೊಂದೇ ಅವನಿಗೆ ತೋಚಿದ ದಾರಿ. ಸೈಲಾನ್‌ಗಳು ಮುಂದೆ ಮನುಷ್ಯರ ಮೇಲೆ ಯಾಕೆ ಸೇಡು ತೀರಿಸಿಕೊಂಡರು ಎಂಬುದಕ್ಕೆ ಮೂಲ ಧಾರಾವಾಹಿಯ ಯುದ್ಧಗಳಿಗಿಂತ ಈ ಹತ್ತು ನಿಮಿಷವೇ ಹೆಚ್ಚು ಉತ್ತರ ಕೊಡುತ್ತದೆ.

ಇನ್ನು ದೇವರ ಪ್ರಶ್ನೆ. ‘ಗ್ಯಾಲಾಕ್ಟಿಕಾ’ದ ಮನುಷ್ಯರು ಜ್ಯೂಸ್, ಅಥೀನಾ, ಅಪೊಲೊ ಮುಂತಾದ ಹಲವು ದೇವತೆಗಳ ಭಕ್ತರು. ಒಬ್ಬನೇ ದೇವರು ಎನ್ನುವವರು ಯಂತ್ರಗಳು. ಯಂತ್ರಕ್ಕೆ ಈ ಭಕ್ತಿ ಎಲ್ಲಿಂದ ಬಂತು ಎಂಬುದು ಆಗ ಒಗಟಾಗಿಯೇ ಉಳಿದಿತ್ತು. ‘ಕ್ಯಾಪ್ರಿಕಾ’ ಅದನ್ನು ಒಂದೇ ಏಟಿಗೆ ಬಿಡಿಸುತ್ತದೆ: ಪಡಿಯಚ್ಚು ಮಾಡಿದ ಹುಡುಗಿ ಗುಟ್ಟಾಗಿ ಏಕದೇವನ ಪಂಥ ಸೇರಿದ್ದಳು, ಯಂತ್ರಗಳಿಗೆ ನಂಬಿಕೆ ಬಂದದ್ದು ಅವಳಿಂದ. ಕವಲು ಧಾರಾವಾಹಿಯೊಂದು ಮೂಲಕ್ಕೆ ತೀರಿಸಬಹುದಾದ ಋಣ ಇದಕ್ಕಿಂತ ದೊಡ್ಡದಿಲ್ಲ. ರೈಲಿನಲ್ಲಿ ಬಾಂಬ್ ಸಿಡಿಸಿದವನೂ ಅದೇ ಪಂಥದವನು, ಜೋಯಿಯ ಗೆಳೆಯ ಬೆನ್. ಸರಿ ತಪ್ಪುಗಳನ್ನೆಲ್ಲ ಪ್ರಶ್ನಿಸಲಾಗದ ಒಬ್ಬನೇ ನಿರ್ಧರಿಸುವುದಾದರೆ, ಅವನ ಹೆಸರಲ್ಲಿ ನಡೆಯುವ ಘೋರ ಕೃತ್ಯಕ್ಕೆ ಮೇಲ್ಮನವಿ ಎಲ್ಲಿ ಎಂದು ತನಿಖಾಧಿಕಾರಿ ಡುರಾಮ್ ಜೋಯಿಯ ಶಾಲೆಯ ಮುಖ್ಯಸ್ಥೆ ಕ್ಲಾರಿಸ್ ವಿಲೋಳನ್ನು ಕೇಳುತ್ತಾನೆ. ಅವಳೇ ಆ ಪಂಥದ ನಾಯಕರಲ್ಲಿ ಒಬ್ಬಳು ಎಂದು ಅವನಿಗಿನ್ನೂ ಗೊತ್ತಿಲ್ಲ.

ಪ್ರಶ್ನೆ ಗಟ್ಟಿಯಾಗಿದೆ. ತಕ್ಕಡಿ ಮಾತ್ರ ವಾಲಿದೆ. ಏಕದೇವನ ಭಕ್ತರಿಗೆ ಸಂಕಟವಿದೆ, ಹಟವಿದೆ, ಕನಸಿದೆ. ಹಲವು ದೇವರ ಊರಿಗೆ ಕಥೆ ಕೊಟ್ಟದ್ದು ಕ್ಲಬ್ಬು, ಕುಡಿತ ಮತ್ತು ಒಂದಿಷ್ಟು ವಿಗ್ರಹ. ದೇವರು ಹಲವರಾದರೆ ನೀತಿ ಸಡಿಲ ಎಂಬ ಹಳೆಯ ಲೆಕ್ಕಾಚಾರವನ್ನು ಬರೆಯುವವರು ತಿರುಗಿ ಪರೀಕ್ಷಿಸಿದಂತೆ ಕಾಣುವುದಿಲ್ಲ. ಬೀದಿಗೊಂದು ಗುಡಿ, ಮನೆಗೊಂದು ಕುಲದೇವರು, ಹರಕೆ ತಪ್ಪಿದರೆ ನಿದ್ದೆಗೆಡುವ ಜನ ಇರುವ ಕಡೆಯಿಂದ ನೋಡುವವರಿಗೆ ಈ ಬಹುದೇವತಾರಾಧನೆ ಬರೀ ರಂಗಪರದೆಯಂತೆ ಕಾಣುತ್ತದೆ.

ಟಾರನ್ ಗ್ರಹದಿಂದ ವಲಸೆ ಬಂದವರ ವಿಷಯ ಬೇರೆ. ಜೋಸೆಫ್ ಆ ಕುಲದವನು. ಅವರ ಹಚ್ಚೆಗಳಲ್ಲಿ ಅವರವರ ಬದುಕಿನ ಲೆಕ್ಕವಿದೆ, ಸತ್ತವರನ್ನು ಕಳಿಸಿಕೊಡಲು ಅವರಲ್ಲೊಂದು ವಿಧಿಯಿದೆ. ಒಂದು ಕಂತಿನಲ್ಲಿ ಜೋಸೆಫ್ ಮಗ ವಿಲ್ಲಿಯನ್ನು ಜೊತೆಗಿಟ್ಟುಕೊಂಡು ಹೆಂಡತಿ ಮಗಳ ಆ ಕರ್ಮ ಮುಗಿಸುತ್ತಾನೆ. ಮನಸ್ಸು ಹಗುರಾಯಿತು ಎನ್ನುವಷ್ಟರಲ್ಲಿ ಅಪರಿಚಿತ ಹುಡುಗನೊಬ್ಬ ಬಂದು, ಟಮಾರಾ ಕಂಪ್ಯೂಟರ್ ಲೋಕದ ಒಂದು ಆಟದೊಳಗೆ ಅಲೆಯುತ್ತಿದ್ದಾಳೆ ಎಂದು ಸುದ್ದಿ ಕೊಡುತ್ತಾನೆ. ಉತ್ತರಕ್ರಿಯೆ ಮುಗಿದ ದಿನವೇ ಪ್ರೇತ ಬಾಗಿಲು ತಟ್ಟಿದಂತೆ. ಕಥೆ ಇಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು.

ನಿಲ್ಲಲಿಲ್ಲ. ಜೋಸೆಫ್ ಮಗಳನ್ನು ಹುಡುಕುತ್ತ ಆ ಆಟದ ಗಲ್ಲಿಗಳಲ್ಲಿ ಕಂತುಗಟ್ಟಲೆ ತಿರುಗಿದ. ಮಾಫಿಯಾ, ಕಂಪನಿಯ ಷೇರು ಜಗಳ, ಕ್ಲಾರಿಸ್‌ಳ ಬಹುಸಂಗಾತಿ ಸಂಸಾರ, ಕದ್ದ ಕಂಪ್ಯೂಟರ್ ಚಿಪ್, ಏಕದೇವ ಪಂಥದ ಉಗ್ರರೊಳಗಿನ ಬಣ ಜಗಳ ಎಲ್ಲವೂ ಒಟ್ಟೊಟ್ಟಿಗೆ ನುಗ್ಗಿದವು. ಬಾಹ್ಯಾಕಾಶ ಯುದ್ಧ ನೋಡಲು ಬಂದ ಹಳೆಯ ಅಭಿಮಾನಿಗಳಿಗೆ ಇದು ಶ್ರೀಮಂತರ ಮನೆಯ ಧಾರಾವಾಹಿಯಂತೆ ಕಂಡಿತು. ಹೊಸಬರಿಗೆ ಇದೊಂದು ಮುಗಿದ ಕಥೆಯ ಬಾಲ. ಮೂಲದ ಮುಖ, ಮೂಲದ ದನಿ ಎಲ್ಲ ಇದ್ದರೂ ಪ್ರೇಕ್ಷಕರು ಎದೆ ಮುಟ್ಟಿ ನೋಡಿ ಎದ್ದುಹೋದರು ಎನ್ನಬಹುದು. ಅದು ಪೂರ್ತಿ ನ್ಯಾಯವಲ್ಲ, ಬಡಿತ ಇತ್ತು, ಗದ್ದಲದಲ್ಲಿ ಕೇಳಿಸಲಿಲ್ಲ.

2020ರಲ್ಲಿ ದಕ್ಷಿಣ ಕೊರಿಯಾದ ಎಂಬಿಸಿ ವಾಹಿನಿ ಒಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ಕಾಯಿಲೆಯಿಂದ ಮಗಳನ್ನು ಕಳೆದುಕೊಂಡ ತಾಯಿ ವಿಆರ್ ಕನ್ನಡಕ, ಕೈಗವಸು ತೊಟ್ಟು, ಕಂಪ್ಯೂಟರ್ ಕಟ್ಟಿಕೊಟ್ಟ ಮಗುವಿನ ಮುಂದೆ ನಿಂತು ಗಾಳಿಯಲ್ಲಿ ಅದರ ಕೆನ್ನೆ ಸವರಿದಳು. ಹುಟ್ಟುಹಬ್ಬ ಆಚರಿಸಿದಳು. ಆ ಮಗುವಿಗೆ ತನ್ನ ಎದೆ ಮುಟ್ಟಿ ನೋಡಿಕೊಳ್ಳುವಷ್ಟು ಅರಿವು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಹತ್ತು ವರ್ಷ ಮೊದಲೇ ಈ ಸಂಕಟದ ಇನ್ನೊಂದು ಮಗ್ಗುಲನ್ನು, ತಬ್ಬಿಸಿಕೊಂಡ ಮಗುವಿಗೆ ಏನಾಗುತ್ತದೆ ಎಂಬುದನ್ನು ‘ಕ್ಯಾಪ್ರಿಕಾ’ ಕೇಳಿತ್ತು.

ಉಳಿದಿದ್ದ ಐದು ಕಂತುಗಳನ್ನು ಸೈಫೈ 2011ರ ಜನವರಿ 4ರಂದು ಒಂದೇ ದಿನ ಹಾಕಿ ಕೈತೊಳೆದುಕೊಂಡಿತು. ಕ್ರೀಡಾಂಗಣದಲ್ಲಿ ಬಾಂಬ್ ಸಿಡಿಸಿ, ಸತ್ತ ಭಕ್ತರನ್ನೆಲ್ಲ ಕಂಪ್ಯೂಟರ್ ಸ್ವರ್ಗದಲ್ಲಿ ಎಬ್ಬಿಸುವುದು ಕ್ಲಾರಿಸ್‌ಳ ಯೋಜನೆ. ಪುನರುತ್ಥಾನಕ್ಕೆ ಪುರಾವೆ ಕಣ್ಣೆದುರೇ ಇದ್ದರೆ ನಂಬಿಕೆಗೆ ಕೆಲಸವೇನು ಎಂದು ಕೇಳುವ ಅವಕಾಶ ಅಲ್ಲಿತ್ತು. ಕಥೆಗೆ ಅಷ್ಟು ಹೊತ್ತಿಗೆ ಸಮಯ ಮುಗಿದಿತ್ತು. ಆ ಸ್ವರ್ಗವನ್ನು ಪಡಿಯಚ್ಚಿನ ಜೋಯಿಯೇ ಸುಟ್ಟುಹಾಕುತ್ತಾಳೆ.

ಕೊನೆಯ ನಾಲ್ಕಾರು ನಿಮಿಷಗಳಲ್ಲಿ ಮುಂದಿನ ವರ್ಷಗಳ ತುಣುಕುಗಳು ಓಡುತ್ತವೆ. ಚರ್ಚಿನಂಥ ಜಾಗದಲ್ಲಿ ಯಂತ್ರಮಾನವರು ಸಾಲಾಗಿ ಕೂತು ಕ್ಲಾರಿಸ್‌ಳ ಉಪದೇಶ ಕೇಳುತ್ತಿದ್ದಾರೆ. ಗ್ರೇಸ್ಟೋನ್ ದಂಪತಿ ಮಗಳಿಗಾಗಿ ಚರ್ಮವಿರುವ ಹೊಸ ಮೈ ತಯಾರಿಸಿದ್ದಾರೆ. ತೊಟ್ಟಿಯೊಳಗಿಂದ ಅವಳು ಮೇಲೇಳುತ್ತಾಳೆ. ಜೋಸೆಫ್‌ನ ಮನೆಯಲ್ಲಿ ಬೇರೆಯದೇ ನಡೆದಿದೆ. ವಿಲ್ಲಿಯೂ ಗುಂಡಿಗೆ ಬಲಿಯಾಗಿದ್ದಾನೆ, ಅಪ್ಪ ಮತ್ತೆ ಸಂಸಾರ ಹೂಡಿದ್ದಾನೆ, ಹೊಸದಾಗಿ ಹುಟ್ಟಿದ ಮಗನಿಗೆ ಟಾರನ್ ಪದ್ಧತಿಯಂತೆ ಸತ್ತವನ ಹೆಸರನ್ನೇ ಇಟ್ಟಿದ್ದಾನೆ. ಹೆಸರು ಅದೇ, ಮಗು ಬೇರೆ. ಆ ಮಗುವೇ ಮುಂದೆ ‘ಗ್ಯಾಲಾಕ್ಟಿಕಾ’ದ ಕಮಾಂಡರ್ ಆಗುವವನು. ತನಗೆ ಎದೆಬಡಿತವಿಲ್ಲ ಎಂದು ಮೊದಲು ಕಿರುಚಿದ ಟಮಾರಾಳಿಗೆ ಮಾತ್ರ ಹೊಸ ಮೈಯೂ ಸಿಗಲಿಲ್ಲ, ಅವಳ ಹೆಸರನ್ನು ಯಾವ ಕೂಸಿಗೂ ಇಡಲಿಲ್ಲ.