ತಾಯಿ-ಕೂಸುಗಳ ನಡುವೆ ಸೂತಕವೆಲ್ಲಿ?



ವರದಾ ತೀರದ ಹೊಸರಿತ್ತಿಯಲ್ಲಿ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಬಾಣಂತಿಯ ಕೋಣೆ ಬೆಚ್ಚಗಿದೆ. ಮಂಚದ ಕೆಳಗೆ ಕೆಂಡವಿದೆ, ಲೋಬಾನದ ಹೊಗೆ ಆಡುತ್ತಿದೆ, ಅಂಟಿನುಂಡಿ ಸಿದ್ಧವಾಗಿದೆ. ತೊಟ್ಟಿಲು ಮಾತ್ರ ಬರಿದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು ದೂರದ ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ಘಟಕದ ಗಾಜಿನ ಪೆಟ್ಟಿಗೆಯೊಳಗೆ ಮಲಗಿದೆ. ತಾಯಿಯನ್ನು ಮನೆಗೆ ಕರೆತಂದಿದ್ದಾರೆ. ಎದೆಯಲ್ಲಿ ಹಾಲು ತುಂಬಿ ಕಲ್ಲಾಗಿದೆ, ಕುಡಿಯುವ ಬಾಯಿಯಿಲ್ಲ. ‘ಅತ್ತೀ, ನಾನೂ ಕೂಸಿನ ಹತ್ತರ ಹೋಗ್ತೀನ್ರಿ’ ಎಂದರೆ, ‘ಹಸೀ ಬಾಣಂತಿ ಇದ್ದೀ ಯವ್ವಾ, ಹೊರಗ ಗಾಳಿಗೆ ಬರಬ್ಯಾಡ. ಇನ್ನೂ ಪುರುಡೂ ಕಳದಿಲ್ಲ’ ಎಂಬ ಉತ್ತರ ಬರುತ್ತದೆ. ಹಾಗೆಂದ ಹಿರಿಯಳು ಕ್ರೂರಿಯಲ್ಲ. ತಾನು ಕಲಿತದ್ದನ್ನು ಪ್ರೀತಿಯಿಂದಲೇ ಹೇಳಿದಳು. ಆದರೆ ಪ್ರೀತಿಯಿಂದ ಹೇಳಿದ ಮಾತೆಲ್ಲವೂ ಧರ್ಮವಾಗುವುದಿಲ್ಲ.

ಮೊದಲು ಪುರುಡಿನ ವಿಚಾರವನ್ನು ನೋಡೋಣ. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರು. ಲಿಂಗವನ್ನು ಧರಿಸಿದ ಅಂಗಕ್ಕೆ ಸೂತಕವಿಲ್ಲವೆಂಬುದು ನಮ್ಮ ಆಚಾರದ ಬುಡ. ಗರ್ಭದಲ್ಲಿರುವಾಗಲೇ ಶಿಶುವಿಗೆ ಲಿಂಗಸಂಸ್ಕಾರ ಮಾಡುವ ಪದ್ಧತಿಯೂ ನಮ್ಮಲ್ಲಿ ಉಂಟು. ಹುಟ್ಟುವ ಮೊದಲೇ ಪವಿತ್ರವೆನಿಸಿದ ಕೂಸು ಹುಟ್ಟಿದೊಡನೆ ಮೈಲಿಗೆಯಾಯಿತೆ? ಅದನ್ನು ಹೆತ್ತ ತಾಯಿ ಮೈಲಿಗೆಯಾದಳೆ? ಬಾಯಲ್ಲಿ ಶರಣರ ವಚನವಿಟ್ಟುಕೊಂಡು ಹೊಸ್ತಿಲಲ್ಲಿ ಪುರುಡನ್ನು ಕಾವಲಿಟ್ಟರೆ ನಮ್ಮ ನಡೆ ಒಂದು, ನುಡಿ ಒಂದು ಆಗುವುದಿಲ್ಲವೆ?

ಇನ್ನು ಗಾಳಿಯ ಅಂಜಿಕೆ. ಬಾಣಂತಿಗೆ ವಿಶ್ರಾಂತಿ ಬೇಕು, ಬೆಚ್ಚನೆಯ ಉಡುಪು ಬೇಕು, ಒಳ್ಳೆಯ ಊಟ ಬೇಕು. ಇದನ್ನು ಯಾರೂ ಅಲ್ಲಗಳೆಯರು. ಹೊಟ್ಟೆಯನ್ನು ಕೊಯ್ದು ಹೆರಿಗೆ ಮಾಡಿಸಿದ್ದರೆ ವೈದ್ಯರನ್ನು ಕೇಳಿಯೇ ಹೊರಡತಕ್ಕದ್ದು. ಆದರೆ ವೈದ್ಯರೇ ಬರಲು ಹೇಳಿದಾಗ ಮನೆಯವರು ತಡೆಯುವುದು ಆರೈಕೆಯಲ್ಲ.

ಈಗ ಒಂದು ಸೋಜಿಗವನ್ನು ಕೇಳಿರಿ. 1978ರ ಸುಮಾರಿಗೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಒಂದು ಇಕ್ಕಟ್ಟಿನಲ್ಲಿ ಸಿಲುಕಿದ್ದರು. ಕೂಸುಗಳು ಹೆಚ್ಚು, ಕಾವು ಕೊಡುವ ಪೆಟ್ಟಿಗೆಗಳು ಕಡಿಮೆ. ಆಗ ಅವರು ಕಡಿಮೆ ತೂಕದ ಕೂಸನ್ನು ತಾಯಿಯ ಬರಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿ ಬಟ್ಟೆಯಿಂದ ಕಟ್ಟಿಸಿದರು. ಹೊಟ್ಟೆಯ ಚೀಲದಲ್ಲಿ ಮರಿಯನ್ನು ಹೊರುವ ಪ್ರಾಣಿಯನ್ನು ನೆನೆದು ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರಾಯಿತು. ಬಡತನದಲ್ಲಿ ಹುಟ್ಟಿದ ಈ ಉಪಾಯವನ್ನು ಇಂದು ಲೋಕವೆಲ್ಲ ಒಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿದ ಪರೀಕ್ಷೆಯ ಫಲವು 2021ರಲ್ಲಿ ಪ್ರಕಟವಾಯಿತು. 1 ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳನ್ನು ಅದರಲ್ಲಿ ಎರಡು ಪಂಗಡ ಮಾಡಿದ್ದರು. ದೇಹಸ್ಥಿತಿ ನೆಲೆಗೊಂಡ ಮೇಲಷ್ಟೇ ಎದೆಗೆ ಕೊಟ್ಟ ಕೂಸುಗಳಲ್ಲಿ ನೂರಕ್ಕೆ ಸುಮಾರು 16 ಮೊದಲ 28 ದಿನಗಳಲ್ಲಿ ತೀರಿಕೊಂಡವು. ಹುಟ್ಟಿದೊಡನೆಯೇ ಎದೆಯ ಮೇಲಿಟ್ಟವುಗಳಲ್ಲಿ ಈ ಸಂಖ್ಯೆ 12ಕ್ಕೆ ಇಳಿಯಿತು. ಅಲ್ಲಿ ತಾಯಿಯನ್ನು ಹೊರಗೆ ನಿಲ್ಲಿಸಲಿಲ್ಲ. ಕೂಸಿನ ವಾರ್ಡಿನಲ್ಲಿಯೇ ಅವಳಿಗೂ ಹಾಸಿಗೆ ಹಾಕಿದರು. ಕೊಪ್ಪಳ ಜಿಲ್ಲೆಯಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರಕಾರಿ ಆಸ್ಪತ್ರೆಗಳೊಡನೆ ಕೂಡಿ ಈ ಆರೈಕೆಯನ್ನು ವಿಸ್ತರಿಸಿದ್ದುಂಟು.

ಇದನ್ನು ಕೇಳಿದಾಗ ಲಿಂಗವಂತನಿಗೆ ಏನು ನೆನಪಾಗಬೇಕು? ನಾವು ಇಷ್ಟಲಿಂಗವನ್ನು ಗುಡಿಯಲ್ಲಿ ಬಿಟ್ಟು ಬರುವವರಲ್ಲ, ಎದೆಯ ಮೇಲೆ ಧರಿಸುವವರು. ಅಂಗದ ಕಾವು ಲಿಂಗಕ್ಕೆ, ಲಿಂಗದ ಕಳೆ ಅಂಗಕ್ಕೆ. ಈ ಸಂಬಂಧ ಅಗಲಬಾರದೆಂಬುದೇ ನಮ್ಮ ನಿಷ್ಠೆ. ತಾಯಿಯ ಎದೆಯೂ ಕೂಸಿಗೆ ಅಂತಹ ಒಂದು ಸ್ಥಲ. ಅಗಲಿಕೆಯ ದುಃಖ ಏನೆಂಬುದನ್ನು ಲಿಂಗವನ್ನು ಧರಿಸಿದವನಿಗೆ ಬೇರೆಯಾಗಿ ಬೋಧಿಸಬೇಕೆ?

ಗಾಜಿನ ಪೆಟ್ಟಿಗೆಯನ್ನು ಹಳಿಯಲು ನಾನು ಈ ಮಾತು ಹೇಳುತ್ತಿಲ್ಲ. ಉಸಿರಿಗೆ ತೊಡಕಾದ ಕೂಸಿಗೆ ಆ ಯಂತ್ರವೂ, ಹಗಲಿರುಳು ಎಚ್ಚರಿರುವ ದಾದಿಯ ಕಾಯಕವೂ ಪ್ರಾಣಾಧಾರ. ಎದೆಗೆ ಕೊಡುವ ಸಮಯವನ್ನು ಅವರೇ ಹೇಳಬೇಕು. ಆ ಸಮಯ ಬರುವವರೆಗೂ ತಾಯಿಗೆ ಕೆಲಸವಿದೆ. ಕೈತೊಳೆದುಕೊಂಡು ಕೂಸನ್ನು ಮುಟ್ಟಬಹುದು, ಅದರೊಡನೆ ಮಾತನಾಡಬಹುದು. ಮೊದಲ ದಿನಗಳ ಹಳದಿ ಗಿಣ್ಣುಹಾಲನ್ನು ಚೆಲ್ಲದೆ ಹಿಂಡಿ ಕೊಟ್ಟರೆ, ಕುಡಿಯಲಾರದ ಕೂಸಿಗೂ ದಾದಿಯರು ಅದನ್ನು ನಳಿಕೆಯಿಂದ ಉಣಿಸುತ್ತಾರೆ. ರೋಗವನ್ನು ತಡೆಯುವ ಶಕ್ತಿ ಆ ಹಾಲಿನಲ್ಲಿದೆ. ತಾಯಿಗೆ ಬರಲಾಗದಿದ್ದರೆ ವೈದ್ಯರ ಒಪ್ಪಿಗೆಯಿಂದ ತಂದೆಯೋ ಅಜ್ಜಿಯೋ ಕೂಸನ್ನು ಎದೆಗೆ ಕಟ್ಟಿಕೊಳ್ಳಬಹುದು. ಖರ್ಚಿಗೆ ಹೆದರಬೇಕಿಲ್ಲ, 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆಯೂ ವಾಹನವೂ ಉಚಿತ.

ಎಲೆ ತಾಯೆ, ನಿನಗೊಂದು ಮಾತು. ‘ನಾನು ಯಾವ ಪಾಪ ಮಾಡಿದ್ದೆನೊ’ ಎಂದು ಕತ್ತಲೆಯಲ್ಲಿ ಕುಳಿತು ಕೇಳಿಕೊಳ್ಳಬೇಡ. ಕೂಸು ಬೇಗ ಹುಟ್ಟಿದ್ದು ನಿನಗೆ ವಿಧಿಸಿದ ದಂಡನೆಯಲ್ಲ. ಕರುಣೆಯೇ ಮೈಯಾದ ಶಿವನು ಹಸುಗೂಸನ್ನು ನೋಯಿಸಿ ತಾಯಿಯ ಮೇಲೆ ಹಗೆ ತೀರಿಸಿಕೊಳ್ಳುವವನಲ್ಲ. ಅಳು ನಿಲ್ಲದಿದ್ದರೆ, ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಅದನ್ನೂ ತಡಮಾಡದೆ ವೈದ್ಯರಿಗೆ ಹೇಳು. ಅದು ಹೆರಿಗೆಯ ಬಳಿಕ ಬರುವ ಕಾಯಿಲೆ, ಭಕ್ತಿಯ ಕೊರತೆಯಲ್ಲ.

ಊರವರಿಗೆ ಕೊನೆಯ ಮಾತು. ಹೊಸರಿತ್ತಿಯ ವರದೆ ಮುಂದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತಾಳೆ. ಅದೇ ತುಂಗಭದ್ರೆಯ ದಡದಲ್ಲಿ, ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ, ಅಂಬಿಗರ ಚೌಡಯ್ಯ ಶರಣರು ದೋಣಿಯ ಕಾಯಕ ಮಾಡಿದರು. ಈ ದಡದಲ್ಲಿ ತಾಯಿ, ಆ ದಡದಲ್ಲಿ ಕೂಸು ಇರುವಾಗ ಹುಟ್ಟು ಹಿಡಿಯುವವರು ಯಾರು? ಬಾಣಂತಿಯನ್ನು ವಾಹನದಲ್ಲಿ ಕೂರಿಸುವವನು, ಬುತ್ತಿ ಕಟ್ಟಿಕೊಡುವ ನೆರೆಯವಳು, ಮನೆಯಲ್ಲುಳಿದ ಮಕ್ಕಳನ್ನು ನೋಡಿಕೊಳ್ಳುವ ಓರಗಿತ್ತಿ, ‘ನಡಿಯವ್ವಾ, ನಾನೂ ಬರ್ತೀನಿ’ ಎಂದು ಜೊತೆಗೆ ಹೊರಡುವ ಅತ್ತೆ, ಇವರೇ ಇಂದಿನ ಅಂಬಿಗರು. ಇದಕ್ಕಿಂತ ಮಿಗಿಲಾದ ದಾಸೋಹವುಂಟೆ?

ಬರಿದಾದ ತೊಟ್ಟಿಲುಗಳೆಲ್ಲ ತುಂಬಲಿ. ತುಂಬದೆ ಉಳಿದ ತೊಟ್ಟಿಲಿನ ಪಕ್ಕದಲ್ಲಿ ತಾಯಿ ಒಬ್ಬಳೇ ಕೂರದಂತಾಗಲಿ.