ಉಡುಪಿನ ಒಳಮಗ್ಗಲು

1965ರಲ್ಲಿ ಪ್ಯಾರಿಸ್ಸಿನ ಉಡುಪು ವಿನ್ಯಾಸಕಾರ ಈವ್ ಸಾಂ ಲೊರಾಂ ತೋಳಿಲ್ಲದ ನೇರ ಉಡುಪುಗಳ ಒಂದು ಸರಣಿಯನ್ನು ತಂದರು. ಬಿಳಿ ನೆಲ, ಕಪ್ಪು ಪಟ್ಟಿಗಳು, ನಡುನಡುವೆ ಕೆಂಪು, ಹಳದಿ, ನೀಲಿ ಚೌಕಗಳು. ಡಚ್ ಕಲಾವಿದ ಮೊಂಡ್ರಿಯಾನ್ ಬರೆದ ಚಿತ್ರವೇ ಗೋಡೆಯಿಂದ ಇಳಿದು ನಡೆದುಬಂದಂತಿತ್ತು. ಫ್ಯಾಷನ್ನಿನ ಮೇಲೆ ಅವಾಂಗಾರ್ಡ್, ಅಂದರೆ ಹಳೆಯ ಕಟ್ಟುಪಾಡು ಮುರಿಯುವ ಪ್ರಯೋಗಶೀಲ ಕಲೆಯ ಪ್ರಭಾವದ ಮಾತು ಬಂದಾಗಲೆಲ್ಲ ಈ ಉಡುಪಿನ ಫೋಟೊ ಮುಂದೆ ಬರುತ್ತದೆ. ಜೊತೆಗೇ ಒಂದು ತಪ್ಪು ಎಣಿಕೆಯೂ ಬರುತ್ತದೆ: ಕಲಾವಿದರು ಚಿತ್ರ ಬರೆದರು, ವಿನ್ಯಾಸಕಾರರು ಅದನ್ನು ಬಟ್ಟೆಗೆ ಇಳಿಸಿದರು, ಪ್ರಭಾವವೆಂದರೆ ಇಷ್ಟೇ ಎಂದು. ನನ್ನ ಮಟ್ಟಿಗೆ ಅದು ಬರೀ ಎರವಲು. ಕತ್ತರಿ ಸಾಗುವ ದಾರಿ ಬದಲಾದಾಗ ಮಾತ್ರ ಅದನ್ನು ಪ್ರಭಾವ ಎನ್ನಬೇಕು.

ಸಾಂ ಲೊರಾಂ ಉಡುಪೇ ಇದಕ್ಕೆ ಸಾಕ್ಷಿ. ಅಲ್ಲಿ ಬಣ್ಣದ ಚೌಕಗಳು ಅಚ್ಚು ಹಾಕಿದವಲ್ಲ. ಒಂದೊಂದೂ ಬೇರೆಯಾಗಿ ಕತ್ತರಿಸಿ ಜೋಡಿಸಿದ ಉಣ್ಣೆಯ ಜೆರ್ಸಿ ತುಂಡು. ಮೈಗೆ ಬಟ್ಟೆ ಹೊಂದಿಕೊಳ್ಳಲು ಬೇಕಾದ ಆಕಾರವನ್ನೆಲ್ಲ ಆ ಗೆರೆಗಳ ಜೋಡುಹೊಲಿಗೆಯೊಳಗೆ ಅಡಗಿಸಿದ್ದಾರೆ. ಮೊಂಡ್ರಿಯಾನ್ ಕಲೆಯ ಜೀವ ಇರುವುದು ಸಪಾಟುತನದಲ್ಲಿ. ಮನುಷ್ಯರ ಮೈಯೋ ಎಲ್ಲೂ ಸಪಾಟಲ್ಲ. ಈ ಎರಡರ ಜಗಳವನ್ನು ಹೊಲಿಗೆಯಲ್ಲಿ ಬಗೆಹರಿಸಿದ್ದೇ ಅದರ ಹೆಚ್ಚುಗಾರಿಕೆ. ಬೆನ್ನಲ್ಲೇ ಬಂದ ಅಗ್ಗದ ನಕಲುಗಳು ಗೆರೆಗಳನ್ನು ಹೊತ್ತು ತಂದವು, ಆ ಬಗೆಹರಿಕೆಯನ್ನು ತರಲಿಲ್ಲ.

ವಿನ್ಯಾಸಕಾರ್ತಿ ಎಲ್ಸಾ ಸ್ಕಿಯಾಪರೆಲ್ಲಿ ಮತ್ತು ಸರ್ರಿಯಲಿಸ್ಟ್ ಚಿತ್ರಕಾರ ಸಾಲ್ವಡಾರ್ ಡಾಲಿ ಕೂಡಿ ಮಾಡಿದ ಕೆಲಸದೊಳಗೇ ಇದೇ ಅಂತರ ಕಾಣುತ್ತದೆ. 1937ರ ಅವರ ಬಿಳಿ ಉಡುಪಿನ ಮೇಲೆ ದೊಡ್ಡದೊಂದು ಕೆಂಪು ಲಾಬ್‌ಸ್ಟರ್ ಇದೆ. ಬೆಚ್ಚಿಬೀಳಿಸುವ ಚಿತ್ರವೇ ಸರಿ, ಆದರೆ ಅದನ್ನು ಅಳಿಸಿದರೆ ಉಳಿಯುವುದು ಎಂದಿನ ಸಂಜೆಯುಡುಪು. ಮರುವರ್ಷದ ಅಸ್ಥಿಪಂಜರದ ಉಡುಪು ಹಾಗಲ್ಲ. ಕಪ್ಪು ಬಟ್ಟೆಯೊಳಗೆ ಹತ್ತಿ ತುಂಬಿ ಪಕ್ಕೆಲುಬು, ಬೆನ್ನುಮೂಳೆಗಳನ್ನು ಉಬ್ಬಿಸಿದ್ದಾರೆ. ಮೈಯನ್ನು ಮುಚ್ಚಬೇಕಾದ ಬಟ್ಟೆ ಮೈಯ ಒಳಗನ್ನೇ ಹೊರಗೆ ಹೇಳುತ್ತದೆ. ಅಲ್ಲಿ ಸರ್ರಿಯಲಿಸಂ, ಅಂದರೆ ಕನಸಿನಂಥ ವಿಚಿತ್ರವನ್ನು ಮುಂದಿಡುವ ಕಲೆ, ಬಟ್ಟೆಯ ಮೇಲಿಲ್ಲ, ಹೊಲಿಗೆಯಲ್ಲಿದೆ.

ಆದರೆ ಕಲೆ ಉಡುಪಿನ ಮೇಲಿರಬೇಕೋ ಹೊಲಿಗೆಯಲ್ಲಿರಬೇಕೋ ಎಂಬ ಪ್ರಶ್ನೆಯನ್ನು ಎಲ್ಲರಿಗಿಂತ ನೇರವಾಗಿ ಎತ್ತಿದವರು ಕಲೆ ನಿತ್ಯದ ಬಳಕೆಗೆ ಒದಗಬೇಕೆಂದ ರಷ್ಯಾದ ಕನ್‌ಸ್ಟ್ರಕ್ಟಿವಿಸ್ಟರು. ಅವರಲ್ಲೊಬ್ಬರಾದ ವರ್ವಾರಾ ಸ್ಟೆಪನೋವಾ 1923ರಲ್ಲಿ ‘ಲೆಫ್’ ಪತ್ರಿಕೆಯಲ್ಲಿ ಬರೆದ ಲೇಖನದ ವಾದ ಇದು: ಉಟ್ಟವರು ಮಾಡುವ ಕೆಲಸವೇ ಉಡುಪಿನ ಆಕಾರವನ್ನು ತೀರ್ಮಾನಿಸಬೇಕು, ಹೊಲಿಗೆ ಗುಂಡಿಗಳನ್ನು ಮರೆಮಾಡದೆ ಕಾಣಿಸಬೇಕು, ಅಲಂಕಾರಕ್ಕೆಂದೇ ಏನನ್ನೂ ಅಂಟಿಸಬಾರದು. ಆ ಕಾಲದಲ್ಲೇ ಅವರೂ ಅದೇ ಗುಂಪಿನ ಕಲಾವಿದೆ ಲ್ಯುಬೋವ್ ಪೊಪೋವಾ ಅವರೂ ಮಾಸ್ಕೋದ ಸರ್ಕಾರಿ ಬಟ್ಟೆ ಅಚ್ಚಿನ ಕಾರ್ಖಾನೆ ಸೇರಿದರು. ಕಾರ್ಖಾನೆಗೆ ಬೇಕಾಗಿದ್ದದ್ದು ಹೆಚ್ಚಾಗಿ ಅಚ್ಚಿನ ವಿನ್ಯಾಸ, ಉಡುಪಿನ ವಿನ್ಯಾಸವಲ್ಲ. 1924ರಲ್ಲಿ ಪೊಪೋವಾ ತೀರಿಕೊಂಡರು. ಸ್ಟೆಪನೋವಾ ಕನಸಿದ ಉಡುಪು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು.

ಹಾಗಾದರೆ ಸೋತ ಯೋಜನೆಯನ್ನು ಪ್ರಭಾವವೆಂದು ಹೇಗೆ ಕರೆಯುವುದು ಎಂದು ಕೇಳಬಹುದು. 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂನ ವಿನ್ಯಾಸಕಾರ ಮಾರ್ಟಿನ್ ಮಾರ್ಜೆಲಾ ಅಸ್ತರು, ಹೊಲಿಗೆ, ಬಿಚ್ಚಿಟ್ಟ ಅಂಚುಗಳನ್ನು ಹೊರಗೆ ತಂದರು. ಅದು ಸ್ಟೆಪನೋವಾರಿಂದಲೇ ಬಂತೆಂದು ನಾನು ಹೇಳುತ್ತಿಲ್ಲ. ಆದರೆ ಉಡುಪು ತನ್ನ ಹುಟ್ಟನ್ನು ಯಾಕೆ ಮುಚ್ಚಿಡಬೇಕು ಎಂಬ ಪ್ರಶ್ನೆ ಒಮ್ಮೆ ಲೋಕಕ್ಕೆ ಬಂದ ಮೇಲೆ, ಕೇಳಿದವರ ಹೆಸರು ಮರೆತರೂ ಅದು ಕೈಯಿಂದ ಕೈಗೆ ದಾಟಬಲ್ಲದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮಾರುಕಟ್ಟೆಯದು: ಯಾವ ಬಂಡಾಯವನ್ನಾದರೂ ಫ್ಯಾಷನ್ ಕೊಂಡು ಮಾರಿಬಿಡುತ್ತದೆ. ಇದು ನಿಜ. ದುಡಿಯುವವರಿಗೆಂದು ಯೋಚಿಸಿದ ಹೊರಹೊಲಿಗೆ ಕೊನೆಗೆ ಸಿರಿವಂತರ ಮೈಮೇಲೆ ಬಂದದ್ದು ನೋವಿನ ಸಂಗತಿ. ಆದರೆ ಮಾರುಕಟ್ಟೆ ಸುಲಭವಾಗಿ ನುಂಗುವುದು ಚಿತ್ರವನ್ನು; ಹೊಲಿಗೆಯ ವಿಚಾರ ಅಷ್ಟು ಬೇಗ ಜೀರ್ಣವಾಗುವುದಿಲ್ಲ, ಅದಕ್ಕೆ ಶ್ರಮ ಬೇಕು, ಕಲಿತ ಕೈ ಬೇಕು. ಇನ್ನು ಮುಂದೆ ಯಾರಾದರೂ ಒಂದು ಉಡುಪನ್ನು ಕಲೆಯೆಂದು ನಿಮ್ಮ ಮುಂದಿಟ್ಟರೆ, ದಯವಿಟ್ಟು ಅದನ್ನು ಒಳಮಗ್ಗಲಿಗೆ ತಿರುವಿ ನೋಡಿ.